ಲೋಹದ ಸಂಯುಕ್ತ ಯಾವ ಉಷ್ಣಾಂಶದವರೆಗೆ ಉತ್ಕರ್ಷಣಗೊಳ್ಳುತ್ತದೆ? ಕೋಷ್ಟಕದ ಅಂಕಿಗಳಿಂದ ಉತ್ತರ ತೆಗೆಯುವ ಕ್ರಮ

ಬೆಂಗಳೂರಿನ ಬಿ.ಎಸ್‌ಸಿ. ವಿದ್ಯಾರ್ಥಿಗಳೂ ಮನೆಯಲ್ಲಿ ಸಣ್ಣ ವಿದ್ಯುತ್ ಕುಲುಮೆ ಇಟ್ಟುಕೊಂಡು ಮಣ್ಣಿನ ಪಾತ್ರೆಗಳಿಗೆ ತಾಮ್ರದ ಗ್ಲೇಜ್ ಹಾಕುವವರೂ ಒಂದೇ ಪ್ರಶ್ನೆಯನ್ನು ಬೇರೆಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ. ಕೆಂಪು ಕ್ಯೂಪ್ರಸ್ ಆಕ್ಸೈಡನ್ನು ಗಾಳಿಯಲ್ಲಿ ಕಾಯಿಸಿದರೆ ಕಪ್ಪು ಕ್ಯೂಪ್ರಿಕ್ ಆಕ್ಸೈಡ್ ಆಗುತ್ತದೆ ಎಂದು ಒಂದು ಪುಸ್ತಕ ಹೇಳುತ್ತದೆ. ಕ್ಯೂಪ್ರಿಕ್ ಆಕ್ಸೈಡನ್ನು ಕಾಯಿಸಿದರೆ ಕ್ಯೂಪ್ರಸ್ ಆಗುತ್ತದೆ ಎಂದು ಇನ್ನೊಂದು ಪುಸ್ತಕ ಹೇಳುತ್ತದೆ. ಯಾವುದು ಸರಿ? ಎರಡೂ ಸರಿ. ಉಷ್ಣಾಂಶ ಎಷ್ಟು ಮತ್ತು ಸುತ್ತಲಿನ ಆಮ್ಲಜನಕದ ಒತ್ತಡ ಎಷ್ಟು ಎಂಬ ಎರಡು ವಿವರಗಳನ್ನು ಆ ಪುಸ್ತಕಗಳು ಬಿಟ್ಟಿರುವುದರಿಂದಲೇ ಗೊಂದಲ ಹುಟ್ಟಿದೆ. ಈ ಎರಡನ್ನೂ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ಉತ್ತರ ತೆಗೆಯುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ.

ಮೊದಲು ನಾಲ್ಕು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಉತ್ಕರ್ಷಣ ಎಂದರೆ ಆಕ್ಸಿಡೇಶನ್, ಅಂದರೆ ಒಂದು ಪರಮಾಣು ಎಲೆಕ್ಟ್ರಾನ್ ಕಳೆದುಕೊಳ್ಳುವುದು. ಎಂಥಾಲ್ಪಿ ಬದಲಾವಣೆ ಅಥವಾ ಡೆಲ್ಟಾ-ಹೆಚ್ ಎಂದರೆ ಸ್ಥಿರ ಒತ್ತಡದಲ್ಲಿ ಕ್ರಿಯೆ ಹೊರಬಿಡುವ ಅಥವಾ ಹೀರುವ ಶಾಖ. ಹೊರಬಿಟ್ಟರೆ ಮೈನಸ್, ಹೀರಿದರೆ ಪ್ಲಸ್. ಎಂಟ್ರೊಪಿ ಬದಲಾವಣೆ ಅಥವಾ ಡೆಲ್ಟಾ-ಎಸ್ ಎಂದರೆ, ಸ್ಥೂಲವಾಗಿ ಹೇಳುವುದಾದರೆ, ಕಣಗಳ ಚದುರಾಟ ಹೆಚ್ಚಿತೋ ಕಡಿಮೆಯಾಯಿತೋ ಎಂಬುದರ ಅಳತೆ. ಗಿಬ್ಸ್ ಮುಕ್ತಶಕ್ತಿಯ ಬದಲಾವಣೆ ಅಥವಾ ಡೆಲ್ಟಾ-ಜಿ ಈ ಎರಡನ್ನೂ ಕೂಡಿಸಿ ತೀರ್ಪು ಕೊಡುತ್ತದೆ:

ಡೆಲ್ಟಾ-ಜಿ = ಡೆಲ್ಟಾ-ಹೆಚ್ − (ಉಷ್ಣಾಂಶ × ಡೆಲ್ಟಾ-ಎಸ್)

ಡೆಲ್ಟಾ-ಜಿ ಮೈನಸ್ ಆದರೆ ಕ್ರಿಯೆ ಮುಂದಕ್ಕೆ ಸಾಗಲು ಅವಕಾಶವಿದೆ, ಪ್ಲಸ್ ಆದರೆ ಹಿಂದಕ್ಕೆ, ಸೊನ್ನೆಯಾದರೆ ಸಮಸ್ಥಿತಿ. "ಅವಕಾಶವಿದೆ" ಎಂದೇ ಬರೆದಿದ್ದೇನೆ, "ಸಾಗುತ್ತದೆ" ಎಂದಲ್ಲ. ಆ ವ್ಯತ್ಯಾಸಕ್ಕೆ ಕೊನೆಯಲ್ಲಿ ಬರುತ್ತೇನೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಪ್ರಮಾಣಿತ ಎಂಥಾಲ್ಪಿ ಮತ್ತು ಎಂಟ್ರೊಪಿಗಳ ಒಂದು ಕೋಷ್ಟಕ (ಪದವಿ ತರಗತಿಯ ಭೌತ ರಸಾಯನಶಾಸ್ತ್ರ ಪುಸ್ತಕದ ಅನುಬಂಧ ಸಾಕು), ಲಾಗರಿದಮ್ ಇರುವ ಕ್ಯಾಲ್ಕುಲೇಟರ್ ಮತ್ತು ಒಂದು ಹಾಳೆ. ಎಲ್ಲ ಅಂಕಿಗಳನ್ನೂ ಒಂದೇ ಕೋಷ್ಟಕದಿಂದ ತೆಗೆದುಕೊಳ್ಳಿ. ಒಂದನ್ನು ಹಳೆಯ ಪುಸ್ತಕದಿಂದಲೂ ಇನ್ನೊಂದನ್ನು ಜಾಲದಿಂದಲೂ ಎತ್ತಿಕೊಂಡರೆ ತಪ್ಪು ಎಲ್ಲಿ ನುಸುಳಿತು ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಹಂತ 1: ಎಲೆಕ್ಟ್ರಾನ್ ಕಳೆದುಕೊಳ್ಳುವುದು ಯಾವ ಪರಮಾಣು ಎಂದು ಗುರುತಿಸಿ

ಲೋಹದ ಸಂಯುಕ್ತ ಉತ್ಕರ್ಷಣಗೊಂಡಿತು ಎಂದ ಮಾತ್ರಕ್ಕೆ ಅದರಲ್ಲಿರುವ ಲೋಹವೇ ಉತ್ಕರ್ಷಣಗೊಂಡಿರಬೇಕೆಂದಿಲ್ಲ. ಕ್ಯೂಪ್ರಸ್ ಆಕ್ಸೈಡಿನಲ್ಲಿ ತಾಮ್ರದ ಉತ್ಕರ್ಷಣ ಸಂಖ್ಯೆ (ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಎಂಬ ಲೆಕ್ಕ) +1. ಕ್ಯೂಪ್ರಿಕ್ ಆಕ್ಸೈಡಿನಲ್ಲಿ +2. ಇಲ್ಲಿ ಎಲೆಕ್ಟ್ರಾನ್ ಕಳೆದುಕೊಂಡದ್ದು ತಾಮ್ರವೇ. ಆದರೆ ಜಿಂಕ್ ಸಲ್ಫೈಡ್ ಅದಿರನ್ನು ಗಾಳಿಯಲ್ಲಿ ಹುರಿದು ಜಿಂಕ್ ಆಕ್ಸೈಡ್ ಮಾಡುವಾಗ ಜಿಂಕ್ ಮೊದಲೂ +2, ಆಮೇಲೂ +2. ಎಲೆಕ್ಟ್ರಾನ್ ಕಳೆದುಕೊಳ್ಳುವುದು ಗಂಧಕ. ಅದು −2ರಿಂದ +4ಕ್ಕೆ ಏರಿ ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಹೊರಟುಹೋಗುತ್ತದೆ. "ಜಿಂಕ್ ಉತ್ಕರ್ಷಣಗೊಂಡಿತು" ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಹಂತ 2: ಸಮೀಕರಣವನ್ನು ಒಂದು ಮೋಲ್ ಆಮ್ಲಜನಕಕ್ಕೆ ಬರೆಯಿರಿ

ತಾಮ್ರದ ಉದಾಹರಣೆಯನ್ನೇ ಹಿಡಿದು ಮುಂದುವರಿಯೋಣ:

2 ಕ್ಯೂಪ್ರಸ್ ಆಕ್ಸೈಡ್ + 1 ಆಮ್ಲಜನಕ → 4 ಕ್ಯೂಪ್ರಿಕ್ ಆಕ್ಸೈಡ್

ಒಂದು ಆಮ್ಲಜನಕ ಅಣು ನಾಲ್ಕು ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳುತ್ತದೆ. ಎಡಗಡೆ ನಾಲ್ಕು ತಾಮ್ರದ ಪರಮಾಣುಗಳಿವೆ, ಪ್ರತಿಯೊಂದೂ ಒಂದೊಂದು ಎಲೆಕ್ಟ್ರಾನ್ ಕೊಡುತ್ತದೆ, ಲೆಕ್ಕ ಸರಿಹೋಯಿತು. ಹೀಗೆ ನಾಲ್ಕಕ್ಕೆ ನಾಲ್ಕು ತಾಳೆಯಾಗದಿದ್ದರೆ ಸಮೀಕರಣವೇ ತಪ್ಪಿದೆ ಎಂದರ್ಥ, ಮುಂದೆ ಹೋಗಬೇಡಿ.

ಒಂದು ಮೋಲ್ ಆಮ್ಲಜನಕ ಎಂಬ ಷರತ್ತು ಏಕೆ? ಎರಡು ಕ್ರಿಯೆಗಳನ್ನು ಹೋಲಿಸಬೇಕಾದರೆ ಇಬ್ಬರಿಗೂ ಒಂದೇ ಸೇರಿನಲ್ಲಿ ಅಳೆದುಕೊಡಬೇಕು. ಹೆರಾಲ್ಡ್ ಎಲಿಂಗ್‌ಹ್ಯಾಮ್ 1944ರಲ್ಲಿ ಪ್ರಕಟಿಸಿದ, ಲೋಹಶಾಸ್ತ್ರದವರು ಇಂದಿಗೂ ಗೋಡೆಗೆ ಅಂಟಿಸಿಕೊಳ್ಳುವ ನಕ್ಷೆಯೂ ಇದೇ ಪದ್ಧತಿಯಲ್ಲಿದೆ: ಅಡ್ಡಕ್ಕೆ ಉಷ್ಣಾಂಶ, ಉದ್ದಕ್ಕೆ ಒಂದು ಮೋಲ್ ಆಮ್ಲಜನಕಕ್ಕೆ ಬರುವ ಡೆಲ್ಟಾ-ಜಿ.

ಹಂತ 3: ಡೆಲ್ಟಾ-ಹೆಚ್ ಲೆಕ್ಕ ಹಾಕಿ

ಉತ್ಪನ್ನಗಳ ಮೊತ್ತದಿಂದ ಪ್ರತಿವರ್ತಕಗಳ ಮೊತ್ತವನ್ನು ಕಳೆಯಬೇಕು. 298 ಕೆಲ್ವಿನ್‌ನಲ್ಲಿ ಕ್ಯೂಪ್ರಿಕ್ ಆಕ್ಸೈಡಿನ ಪ್ರಮಾಣಿತ ಉತ್ಪತ್ತಿ ಎಂಥಾಲ್ಪಿ −157.3 ಕಿಲೋಜೌಲ್, ಕ್ಯೂಪ್ರಸ್ ಆಕ್ಸೈಡಿನದು −168.6 ಕಿಲೋಜೌಲ್. ಆಮ್ಲಜನಕ ಮೂಲವಸ್ತುವಾದ್ದರಿಂದ ಅದರದು ಸೊನ್ನೆ.

4 × (−157.3) − 2 × (−168.6) = −629.2 + 337.2 = −292.0 ಕಿಲೋಜೌಲ್

ಹಂತ 4: ಡೆಲ್ಟಾ-ಎಸ್ ಲೆಕ್ಕ ಹಾಕಿ, ಹೆಚ್ಚಿನವರು ಎಡವುವುದು ಇಲ್ಲೇ

ಹಿಂದಿನ ಹಂತದಲ್ಲಿ ಆಮ್ಲಜನಕಕ್ಕೆ ಸೊನ್ನೆ ಹಾಕಿದ ಕೈ ಇಲ್ಲೂ ತಾನಾಗಿಯೇ ಸೊನ್ನೆ ಬರೆದುಬಿಡುತ್ತದೆ. ಎಂಟ್ರೊಪಿಯ ವಿಷಯದಲ್ಲಿ ಅದು ನಡೆಯುವುದಿಲ್ಲ. ಎಂಥಾಲ್ಪಿಗೆ ನಾವು ಒಪ್ಪಂದದಿಂದ ಒಂದು ಸೊನ್ನೆಯನ್ನು ಆರಿಸಿಕೊಂಡಿದ್ದೇವೆ. ಎಂಟ್ರೊಪಿಗೆ ನಿರಪೇಕ್ಷ ಸೊನ್ನೆ ಉಷ್ಣಾಂಶದಿಂದ ಮೇಲಕ್ಕೆ ಲೆಕ್ಕ ಹಾಕಿದ ನಿಜವಾದ ಬೆಲೆಯೇ ಇದೆ. ಆಮ್ಲಜನಕ ಅನಿಲದ ಎಂಟ್ರೊಪಿ ಮೋಲ್‌ಗೆ, ಕೆಲ್ವಿನ್‌ಗೆ 205.2 ಜೌಲ್. ಕ್ಯೂಪ್ರಿಕ್ ಆಕ್ಸೈಡಿಗೆ 42.6, ಕ್ಯೂಪ್ರಸ್ ಆಕ್ಸೈಡಿಗೆ 93.1.

4 × 42.6 − 2 × 93.1 − 205.2 = 170.4 − 186.2 − 205.2 = −221.0 ಜೌಲ್ ಪ್ರತಿ ಕೆಲ್ವಿನ್‌ಗೆ

ಆಮ್ಲಜನಕಕ್ಕೆ ಸೊನ್ನೆ ಹಾಕಿದ್ದರೆ −15.8 ಬರುತ್ತಿತ್ತು, ಆ ಅಂಕಿಯನ್ನು ಹಿಡಿದು ಹೊರಟರೆ ಕ್ಯೂಪ್ರಿಕ್ ಆಕ್ಸೈಡ್ ಯಾವ ಕುಲುಮೆಯಲ್ಲೂ ಎಂದೂ ಒಡೆಯುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಿದ್ದಿರಿ. ಘನವಸ್ತುಗಳ ಎಂಟ್ರೊಪಿಗಳು ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಗಾಳಿಯಿಂದ ಒಂದು ಮೋಲ್ ಅನಿಲ ಕಡಿಮೆಯಾದದ್ದರ ಲೆಕ್ಕ. ಆದ್ದರಿಂದ ಘನವಸ್ತು ಆಮ್ಲಜನಕವನ್ನು ಹೀರಿ ಘನವಸ್ತುವೇ ಆಗುವ ಕ್ರಿಯೆಗಳಲ್ಲಿ ಡೆಲ್ಟಾ-ಎಸ್ ಸಾಮಾನ್ಯವಾಗಿ −150ರಿಂದ −270ರ ನಡುವೆ ಬರುತ್ತದೆ. ನಿಮ್ಮ ಉತ್ತರ ಇದರಿಂದ ತೀರ ದೂರವಿದ್ದರೆ ಮತ್ತೊಮ್ಮೆ ನೋಡಿಕೊಳ್ಳಿ. ಎಲಿಂಗ್‌ಹ್ಯಾಮ್ ನಕ್ಷೆಯಲ್ಲಿ ಬಹುತೇಕ ಗೆರೆಗಳು ಒಂದೇ ಓರೆಯಲ್ಲಿ ಮೇಲೇರುವುದಕ್ಕೂ ಇದೇ ಕಾರಣ.

ಹಂತ 5: ಡೆಲ್ಟಾ-ಜಿ ಕಂಡುಹಿಡಿದು, ಅದು ಸೊನ್ನೆಯಾಗುವ ಉಷ್ಣಾಂಶ ತೆಗೆಯಿರಿ

ಎಂಥಾಲ್ಪಿ ಕಿಲೋಜೌಲ್‌ನಲ್ಲಿದೆ, ಎಂಟ್ರೊಪಿ ಜೌಲ್‌ನಲ್ಲಿದೆ. ಎರಡನ್ನೂ ಒಂದೇ ಮಾನಕ್ಕೆ ತಾರದೆ ಕಳೆದರೆ ಉತ್ತರ ಸಾವಿರ ಪಟ್ಟು ಎತ್ತಲೋ ಹೋಗುತ್ತದೆ. ಉಷ್ಣಾಂಶ ಸೆಲ್ಸಿಯಸ್‌ನಲ್ಲಲ್ಲ, ಕೆಲ್ವಿನ್‌ನಲ್ಲೇ ಇರಬೇಕು.

298 ಕೆಲ್ವಿನ್‌ನಲ್ಲಿ: −292.0 + 298 × 0.221 = ಸುಮಾರು −226 ಕಿಲೋಜೌಲ್.

ಕೋಷ್ಟಕದಲ್ಲಿ ಉತ್ಪತ್ತಿ ಮುಕ್ತಶಕ್ತಿಗಳೂ ಇರುತ್ತವೆ (ಕ್ಯೂಪ್ರಿಕ್‌ಗೆ −129.7, ಕ್ಯೂಪ್ರಸ್‌ಗೆ −146.0). ಅವುಗಳಿಂದ ನೇರವಾಗಿ ಕಳೆದರೆ −226.8 ಬರುತ್ತದೆ. ಎರಡು ದಾರಿಗಳೂ ಒಂದೇ ಕಡೆ ಸೇರಿದವು, ಆದ್ದರಿಂದ ಈವರೆಗಿನ ಕೂಡಿಸುವಿಕೆ ಸರಿಯಾಗಿದೆ. ಆದರೆ ಕೋಷ್ಟಕದ ಮುಕ್ತಶಕ್ತಿಯನ್ನು 25 ಡಿಗ್ರಿ ಬಿಟ್ಟು ಬೇರೆ ಉಷ್ಣಾಂಶಕ್ಕೆ ಎಂದೂ ಬಳಸಬೇಡಿ.

ಉಷ್ಣಾಂಶ ಏರಿದಂತೆ ಎರಡನೆಯ ಪದ ಬೆಳೆಯುತ್ತಾ ಹೋಗಿ ಒಂದು ಕಡೆ ಮೊದಲನೆಯದಕ್ಕೆ ಸಮನಾಗುತ್ತದೆ:

292000 ÷ 221.0 = ಸುಮಾರು 1321 ಕೆಲ್ವಿನ್, ಅಂದರೆ ಸುಮಾರು 1050 ಡಿಗ್ರಿ ಸೆಲ್ಸಿಯಸ್

ಇದು 1 ಬಾರ್ ಒತ್ತಡದ ಶುದ್ಧ ಆಮ್ಲಜನಕದಲ್ಲಿ. ಅದಕ್ಕಿಂತ ಕೆಳಗೆ ಕೆಂಪು ಕಪ್ಪಾಗುತ್ತದೆ, ಮೇಲೆ ಕಪ್ಪು ಕೆಂಪಾಗುತ್ತದೆ.

ಹಂತ 6: ಶುದ್ಧ ಆಮ್ಲಜನಕದಿಂದ ನಿಮ್ಮ ಕೋಣೆಯ ಗಾಳಿಗೆ ಬನ್ನಿ

ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಭಾಗ ಮಾತ್ರ. ಮಿಶ್ರಣದಲ್ಲಿ ಒಂದು ಅನಿಲ ತನ್ನ ಪಾಲಿಗೆ ಒತ್ತುವ ಒತ್ತಡಕ್ಕೆ ಆಂಶಿಕ ಒತ್ತಡ ಎನ್ನುತ್ತಾರೆ. ಸಮುದ್ರಮಟ್ಟದ ಗಾಳಿಯಲ್ಲಿ ಆಮ್ಲಜನಕದ್ದು ಸುಮಾರು 0.21 ಬಾರ್. ಅದಕ್ಕಾಗಿ ಡೆಲ್ಟಾ-ಜಿಗೆ ಒಂದು ಪದವನ್ನು ಸೇರಿಸಬೇಕು:

8.314 × ಉಷ್ಣಾಂಶ × ಸ್ವಾಭಾವಿಕ ಲಾಗ್ (1 ÷ ಆಂಶಿಕ ಒತ್ತಡ)

ಸ್ವಾಭಾವಿಕ ಲಾಗ್ ಎಂದರೆ ಕ್ಯಾಲ್ಕುಲೇಟರಿನ 'ಎಲ್‌ಎನ್' ಗುಂಡಿ. ಪಕ್ಕದ 'ಲಾಗ್' ಗುಂಡಿಯನ್ನು ಒತ್ತಿದರೆ ಬಂದದ್ದನ್ನು 2.303ರಿಂದ ಗುಣಿಸಿಕೊಳ್ಳಬೇಕು. 1 ÷ 0.21ರ ಸ್ವಾಭಾವಿಕ ಲಾಗ್ 1.56, ಅದನ್ನು 8.314ರಿಂದ ಗುಣಿಸಿದರೆ ಸುಮಾರು 13. ಈ 13 ನೇರವಾಗಿ 221ಕ್ಕೆ ಸೇರುತ್ತದೆ:

292000 ÷ 234 = ಸುಮಾರು 1248 ಕೆಲ್ವಿನ್, ಅಂದರೆ ಸುಮಾರು 975 ಡಿಗ್ರಿ ಸೆಲ್ಸಿಯಸ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 0.91 ಬಾರ್ ಆಸುಪಾಸು, ಆಮ್ಲಜನಕದ ಪಾಲು 0.19. ಮಂಗಳೂರಿನಲ್ಲಿ ಕುಲುಮೆ ಹಚ್ಚುವವರಿಗೂ ನಮಗೂ ಇದರಿಂದ ವ್ಯತ್ಯಾಸವಾಗುವುದಿಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ: ಸುಮಾರು 4 ಡಿಗ್ರಿಯಷ್ಟೇ. ನಿಮ್ಮ ಕುಲುಮೆಯ ಉಷ್ಣಾಂಶ ಅಳೆಯುವ ಥರ್ಮೋಕಪಲ್ ಅದಕ್ಕಿಂತ ಹೆಚ್ಚು ತಪ್ಪು ತೋರಿಸುತ್ತಿರುತ್ತದೆ. ಲಾಗರಿದಮ್ಮಿನ ಒಳಗೆ ಕುಳಿತ ಒತ್ತಡ ಸಣ್ಣಪುಟ್ಟ ಬದಲಾವಣೆಗೆ ಜಗ್ಗುವುದಿಲ್ಲ. ಹತ್ತು ಪಟ್ಟು, ನೂರು ಪಟ್ಟು ಬದಲಾದರೆ ಮಾತ್ರ ಎದ್ದುಕಾಣುತ್ತದೆ.

ಹಂತ 7: ಅಳೆದ ಬೆಲೆಯೊಂದಿಗೆ ಹೋಲಿಸಿ

ಪ್ರಯೋಗಗಳಲ್ಲಿ ಕ್ಯೂಪ್ರಿಕ್ ಆಕ್ಸೈಡ್ ಗಾಳಿಯಲ್ಲಿ ಕ್ಯೂಪ್ರಸ್ ಆಗುವುದು 1030 ಡಿಗ್ರಿಯ ಸುತ್ತಮುತ್ತ. ನಮ್ಮದು 975. ಐವತ್ತು ಡಿಗ್ರಿಯ ಈ ಅಂತರ ಎಲ್ಲಿಂದ ಬಂತು? 25 ಡಿಗ್ರಿಯಲ್ಲಿ ಅಳೆದ ಡೆಲ್ಟಾ-ಹೆಚ್ ಮತ್ತು ಡೆಲ್ಟಾ-ಎಸ್ ಸಾವಿರ ಡಿಗ್ರಿಯಲ್ಲೂ ಹಾಗೇ ಇರುತ್ತವೆ ಎಂದು ನಾವು ಭಾವಿಸಿಕೊಂಡೆವು. ವಾಸ್ತವವಾಗಿ ಕಾಯುತ್ತಾ ಹೋದಂತೆ ಎರಡೂ ಪ್ರಮಾಣದಲ್ಲಿ ಸ್ವಲ್ಪ ತಗ್ಗುತ್ತವೆ. ನಿಖರ ಉತ್ತರ ಬೇಕಾದರೆ ಶಾಖಧಾರಣ ಸಾಮರ್ಥ್ಯಗಳನ್ನು ಸೇರಿಸಬೇಕು, ಅಥವಾ ಪ್ರತಿ ನೂರು ಕೆಲ್ವಿನ್‌ಗೂ ಬೆಲೆ ಕೊಡುವ ದೊಡ್ಡ ಕೋಷ್ಟಕವನ್ನು ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಮೊದಲ ಅಂದಾಜಿಗೆ ಈ ಸರಳ ಲೆಕ್ಕವೇ ಸಾಕು, ಆದರೆ ಉತ್ತರವನ್ನು "974.8 ಡಿಗ್ರಿ" ಎಂದು ಬರೆಯುವುದು ಮಾತ್ರ ಸಲ್ಲದು.

ಅಳೆಯುವ ವಿಧಾನವೂ ತಿಳಿದಿರಲಿ. ಆಕ್ಸೈಡ್ ಅಯಾನುಗಳನ್ನು ಮಾತ್ರ ಸಾಗಿಸುವ ಜಿರ್ಕೋನಿಯಾ ಸೆರಾಮಿಕ್ ಕೊಳವೆಯ ಒಂದು ಬದಿಯಲ್ಲಿ ಎರಡೂ ತಾಮ್ರದ ಆಕ್ಸೈಡ್‌ಗಳ ಮಿಶ್ರಣವನ್ನು, ಇನ್ನೊಂದು ಬದಿಯಲ್ಲಿ ಗಾಳಿಯನ್ನು ಇಟ್ಟರೆ, ಎರಡೂ ಕಡೆಯ ಆಮ್ಲಜನಕದ ಒತ್ತಡದ ವ್ಯತ್ಯಾಸ ವೋಲ್ಟೇಜ್ ಆಗಿ ಓದಲು ಸಿಗುತ್ತದೆ. ನಮ್ಮ ಅಂಕಿಗಳ ಪ್ರಕಾರ 1000 ಕೆಲ್ವಿನ್‌ನಲ್ಲಿ ಅದು ಸುಮಾರು 150 ಮಿಲಿವೋಲ್ಟ್. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಟಿ. ಜೇಕಬ್ ಅವರು ಇಂತಹ ಕೋಶಗಳಿಂದ ಹಲವಾರು ಆಕ್ಸೈಡ್‌ಗಳ ಮುಕ್ತಶಕ್ತಿಯನ್ನು ಅಳೆದಿದ್ದಾರೆ. ಕಾರಿನ ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ಕೂಡ ಇದೇ ತತ್ವದ್ದು.

ಎರಡನೆಯ ಉದಾಹರಣೆ: ಕುದುರೆಮುಖದ ಅದಿರು

ಕ್ರಮ ಕೈಗೆ ಹತ್ತಿತೇ ಎಂದು ನೋಡಿಕೊಳ್ಳಲು ಇದನ್ನು ನೀವೇ ಮಾಡಿ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರಿನ ಮುಖ್ಯ ಖನಿಜ ಕಪ್ಪು ಮ್ಯಾಗ್ನಟೈಟ್. ಸಂಡೂರು–ಹೊಸಪೇಟೆ ಕಡೆಯದು ಕೆಂಪು ಹೆಮಟೈಟ್. ಮ್ಯಾಗ್ನಟೈಟಿನ ಮೂರು ಕಬ್ಬಿಣದ ಪರಮಾಣುಗಳಲ್ಲಿ ಒಂದು +2, ಎರಡು +3. ಆ ಒಂದೂ +3 ಆದರೆ ಹೆಮಟೈಟ್ ಸಿಗುತ್ತದೆ:

4 ಮ್ಯಾಗ್ನಟೈಟ್ + 1 ಆಮ್ಲಜನಕ → 6 ಹೆಮಟೈಟ್

ಎಂಥಾಲ್ಪಿ: ಹೆಮಟೈಟ್ −824.2, ಮ್ಯಾಗ್ನಟೈಟ್ −1118.4 ಕಿಲೋಜೌಲ್. ಎಂಟ್ರೊಪಿ: 87.4 ಮತ್ತು 146.4 ಜೌಲ್. ಡೆಲ್ಟಾ-ಹೆಚ್ −471.6 ಕಿಲೋಜೌಲ್, ಡೆಲ್ಟಾ-ಎಸ್ −266.4 ಜೌಲ್, ಗಾಳಿಯಲ್ಲಿ ಸಮಸ್ಥಿತಿಯ ಉಷ್ಣಾಂಶ ಸುಮಾರು 1688 ಕೆಲ್ವಿನ್ ಅಥವಾ 1415 ಡಿಗ್ರಿ ಬರಬೇಕು. ಅಳೆದ ಬೆಲೆ 1390 ಡಿಗ್ರಿಯ ಹತ್ತಿರ.

ಇಲ್ಲಿ ಒಂದು ಎಚ್ಚರಿಕೆ. 4945.2 ಮತ್ತು 4473.6 ಎಂಬ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಒಂದು ಚಿಕ್ಕ ಸಂಖ್ಯೆಯನ್ನು ಪಡೆದಿದ್ದೀರಿ. ಹೆಮಟೈಟಿನ ಎಂಥಾಲ್ಪಿಯಲ್ಲಿ 1 ಕಿಲೋಜೌಲ್ ಹೆಚ್ಚುಕಡಿಮೆಯಾದರೆ ಉತ್ತರದಲ್ಲಿ ಅದು 6 ಆಗಿ ಕೂರುತ್ತದೆ. ಆದ್ದರಿಂದ ನಡುವಿನ ಹಂತಗಳಲ್ಲಿ ಅಂಕಿಗಳನ್ನು ಪೂರ್ಣಾಂಕಕ್ಕೆ ತಿದ್ದಬೇಡಿ.

ಕ್ರಿಯೆ ಬಿಡುವ ಶಾಖಕ್ಕೂ ಬೆಲೆಯಿದೆ. 471.6ನ್ನು ನಾಲ್ಕರಿಂದ ಭಾಗಿಸಿ, ಮ್ಯಾಗ್ನಟೈಟಿನ ಒಂದು ಮೋಲ್ 231.5 ಗ್ರಾಂ ಎಂದು ಹಿಡಿದರೆ, ಕಿಲೋಗ್ರಾಂಗೆ ಸುಮಾರು 500 ಕಿಲೋಜೌಲ್ ಬರುತ್ತದೆ. ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಸುಡುವ ಪೆಲೆಟ್ ಕಾರ್ಖಾನೆಗಳಲ್ಲಿ ಹೆಮಟೈಟಿಗಿಂತ ಮ್ಯಾಗ್ನಟೈಟಿಗೆ ಕಡಿಮೆ ಇಂಧನ ಸಾಕಾಗುವುದು ಇದರಿಂದಲೇ. ಅದಿರು ತನ್ನನ್ನು ತಾನೇ ಅಷ್ಟಿಷ್ಟು ಕಾಯಿಸಿಕೊಳ್ಳುತ್ತದೆ.

ಈ ಕ್ರಮವನ್ನು ಕಣ್ಣುಮುಚ್ಚಿ ಬಳಸಬಾರದ ಕಡೆ

ಜಿಂಕ್ ಸಲ್ಫೈಡ್ ಹುರಿಯುವ ಕ್ರಿಯೆಗೆ ಇದೇ ಲೆಕ್ಕ ಮಾಡಿ (2 ಜಿಂಕ್ ಸಲ್ಫೈಡ್ + 3 ಆಮ್ಲಜನಕ → 2 ಜಿಂಕ್ ಆಕ್ಸೈಡ್ + 2 ಸಲ್ಫರ್ ಡೈಆಕ್ಸೈಡ್). ಡೆಲ್ಟಾ-ಹೆಚ್ ಸುಮಾರು −883 ಕಿಲೋಜೌಲ್, ಡೆಲ್ಟಾ-ಎಸ್ ಸುಮಾರು −147 ಜೌಲ್. ಮೂರರಿಂದ ಭಾಗಿಸಿದರೆ ಒಂದು ಮೋಲ್ ಆಮ್ಲಜನಕಕ್ಕೆ −294 ಮತ್ತು −49. ಎಂಟ್ರೊಪಿ ಇಷ್ಟು ಕಡಿಮೆ ಇಳಿದದ್ದೇಕೆಂದರೆ ಒಂದು ಅನಿಲ ಹೋದರೂ ಇನ್ನೊಂದು ಅನಿಲ ಹುಟ್ಟಿದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಮಸ್ಥಿತಿಯ ಉಷ್ಣಾಂಶ 6000 ಕೆಲ್ವಿನ್, ಅಂದರೆ ಸೂರ್ಯನ ಮೇಲ್ಮೈಗಿಂತ ಬಿಸಿ! ಆ ಉಷ್ಣಾಂಶದಲ್ಲಿ ಈ ಯಾವ ಘನವಸ್ತುವೂ ಉಳಿದಿರುವುದಿಲ್ಲ, ಆದ್ದರಿಂದ ಆ ಸಂಖ್ಯೆಗೆ ಅರ್ಥವಿಲ್ಲ. ಅದರಿಂದ ಹಿಡಿಯಬೇಕಾದದ್ದು ಇಷ್ಟೇ: ಯಾವ ಕುಲುಮೆಯಲ್ಲೂ ಈ ಕ್ರಿಯೆ ಹಿಂದಕ್ಕೆ ತಿರುಗುವುದಿಲ್ಲ. ಕರಗುವಿಕೆ, ಕುದಿಯುವಿಕೆ ನಡುವೆ ಬಂದರೆ ಎಲಿಂಗ್‌ಹ್ಯಾಮ್ ನಕ್ಷೆಯ ಗೆರೆ ಮುರಿಯುತ್ತದೆ ಎಂಬುದನ್ನು ಮರೆಯಬೇಡಿ.

ಫೆರಸ್ ಆಕ್ಸೈಡನ್ನು ಮೊದಲ ಅಭ್ಯಾಸಕ್ಕೆ ತೆಗೆದುಕೊಳ್ಳಬೇಡಿ. ಅದರಲ್ಲಿ ಒಂದು ಆಮ್ಲಜನಕ ಪರಮಾಣುವಿಗೆ ಕಬ್ಬಿಣ ಯಾವಾಗಲೂ ಒಂದಕ್ಕಿಂತ ತುಸು ಕಡಿಮೆ ಇರುತ್ತದೆ, ಮೇಲಾಗಿ ಸುಮಾರು 570 ಡಿಗ್ರಿಗಿಂತ ಕೆಳಗೆ ಅದು ಸ್ಥಿರವಲ್ಲ.

ಡೆಲ್ಟಾ-ಜಿ ಮೈನಸ್, ಆದರೂ ಏನೂ ಆಗುತ್ತಿಲ್ಲ

ಕೋಣೆಯ ಉಷ್ಣಾಂಶದಲ್ಲಿ ಕ್ಯೂಪ್ರಸ್ ಆಕ್ಸೈಡಿಗೆ −226 ಕಿಲೋಜೌಲ್ ಬಂತಲ್ಲ, ಹಾಗಾದರೆ ಪ್ರಯೋಗಾಲಯದ ಕಪಾಟಿನಲ್ಲಿರುವ ಒಣ ಕೆಂಪು ಪುಡಿ ವರ್ಷಗಟ್ಟಲೆ ಕೆಂಪಾಗಿಯೇ ಇರುವುದು ಹೇಗೆ? ಡೆಲ್ಟಾ-ಜಿ ದಿಕ್ಕನ್ನು ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ಪರಮಾಣುಗಳು ಘನವಸ್ತುವಿನೊಳಗೆ ಜಾಗ ಬದಲಿಸಬೇಕಾದರೆ ದಾಟಬೇಕಾದ ಶಕ್ತಿಯ ದಿಬ್ಬವೊಂದಿದೆ; ತಣ್ಣಗಿರುವಾಗ ಅದನ್ನು ದಾಟುವ ಪರಮಾಣುಗಳು ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಲೆಕ್ಕದಿಂದ "ಎಷ್ಟು ಹೊತ್ತು ಕಾಯಿಸಬೇಕು" ಎಂಬ ಪ್ರಶ್ನೆಗೆ ಉತ್ತರ ತೆಗೆಯಲು ಹೋಗಬೇಡಿ. ಅದು ಅಲ್ಲಿ ಇಲ್ಲವೇ ಇಲ್ಲ.

ತಾಮ್ರದ ಈ ಎರಡು ಆಕ್ಸೈಡ್‌ಗಳನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಗೇಣು ಉದ್ದದ, ದಪ್ಪನೆಯ ತಾಮ್ರದ ತಂತಿ ತನ್ನಿ. "ಬೇರ್ ಕಾಪರ್ ವೈರ್" ಎಂದೇ ಕೇಳಿ. ಮೋಟಾರಿಗೆ ಸುತ್ತುವ ತಂತಿಯ ಮೇಲಿನ ವಾರ್ನಿಶ್ ಅಥವಾ ಪ್ಲಾಸ್ಟಿಕ್ ಹೊದಿಕೆ ಸುಟ್ಟರೆ ವಿಷಕಾರಿ ಹೊಗೆ ಬರುತ್ತದೆ. ಕಿಟಕಿ ತೆರೆದು, ಕನ್ನಡಕ ಹಾಕಿಕೊಂಡು, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಜ್ವಾಲೆಯ ಹೊರತುದಿಯಲ್ಲಿ ಮಬ್ಬುಗೆಂಪಾಗುವವರೆಗೆ ಕೆಲವು ನಿಮಿಷ ಕಾಯಿಸಿ, ನೀರಿಗೆ ಅದ್ದಿ. ಕಪ್ಪು ಹೊಪ್ಪಳಿಕೆಗಳು ಚಟಚಟನೆ ಸಿಡಿಯುತ್ತವೆ; ಕನ್ನಡಕ ಬೇಕೆಂದದ್ದು ಅದಕ್ಕೇ. ಹೊಪ್ಪಳಿಕೆ ಎದ್ದ ಕಡೆ ಕೆಳಗೆ ಕಾಣುವ ಇಟ್ಟಿಗೆಗೆಂಪು ಪದರ ಕ್ಯೂಪ್ರಸ್ ಆಕ್ಸೈಡ್.

ಅದೇ ತಂತಿ, ಅದೇ ಉಷ್ಣಾಂಶ. ಎರಡು ಆಕ್ಸೈಡ್ ಏಕೆ? ಸುಮಾರು 800 ಕೆಲ್ವಿನ್‌ನಲ್ಲಿ ಆರನೆಯ ಹಂತದ ಲೆಕ್ಕವನ್ನು ತಿರುಗಿಸಿ, ಡೆಲ್ಟಾ-ಜಿ ಸೊನ್ನೆಯಾಗುವ ಆಮ್ಲಜನಕದ ಒತ್ತಡವನ್ನು ಕಂಡುಹಿಡಿಯಿರಿ. ಕ್ಯೂಪ್ರಿಕ್ ಆಕ್ಸೈಡ್ ಉಳಿಯಲು ಕನಿಷ್ಠ 10 ಕೋಟಿಯಲ್ಲಿ 3 ಭಾಗದಷ್ಟು ಬಾರ್ ಬೇಕು. ಕ್ಯೂಪ್ರಸ್ ಆಕ್ಸೈಡಿಗೆ 10ರ ಮೈನಸ್ 14ನೇ ಘಾತದಷ್ಟಿದ್ದರೂ ಸಾಕು. ಹೊರಗೆ ಗಾಳಿಯ 0.19 ಬಾರ್, ಒಳಗೆ ತಾಮ್ರಕ್ಕೆ ಅಂಟಿಕೊಂಡಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ಒಳಕ್ಕೆ ಒತ್ತಡ ಇಳಿಯುತ್ತಾ ಬಂದು ಮೊದಲ ಮಿತಿಯನ್ನು ದಾಟುವಲ್ಲಿ ಕಪ್ಪು ಮುಗಿದು ಕೆಂಪು ಶುರುವಾಗುತ್ತದೆ, ಎರಡನೆಯದನ್ನು ದಾಟುವಲ್ಲಿ ಕೆಂಪು ಮುಗಿದು ಬರಿಯ ತಾಮ್ರ ಉಳಿಯುತ್ತದೆ. ಇನ್ನೊಂದು ತುಂಡನ್ನು ಕಾಯಿಸಿ ಕಪ್ಪಾಗಿಸಿ, ಬಿಸಿಯಿರುವಾಗಲೇ ಜ್ವಾಲೆಯ ಒಳಗಿನ ನೀಲಿ ಭಾಗಕ್ಕೆ ಸರಿಸಿ ನೋಡಿ: ಅಲ್ಲಿ ಉರಿಯದ ಅನಿಲ ಹೆಚ್ಚು, ಆಮ್ಲಜನಕ ಅತ್ಯಲ್ಪ, ತಂತಿಯ ಆ ಭಾಗ ಮತ್ತೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ.